ಹಳದಿ ಫಿಲ್ಟರ್ ಹಾಕಿದ್ರೆ ವಿಂಟೇಜ್ ಆಗಲ್ಲ

ಚಿತ್ರಪುಸ್ತಕ ಸರಣಿ, ಭಾಗ 4

ಫ್ರೆಂಡ್ಸ್, ಈ ಸಲ ಸ್ವಲ್ಪ ಜಗಳ ಆಡೋಣ ಅಂತಿದೀನಿ. 🙂

ಹಳೇ ಮಕ್ಕಳ ಪುಸ್ತಕದ ಚಿತ್ರ ಯಾರಾದ್ರೂ ಹಾಕಿದ ತಕ್ಷಣ ಕೆಳಗೆ ಒಂದೇ ಥರದ ಕಾಮೆಂಟು: "ಆಹಾ, ವಿಂಟೇಜ್ ಫೀಲ್!" ಏನದು ಫೀಲ್ ಅಂತ ಕೇಳಿದ್ರೆ ಹಳದಿಯಾದ ಕಾಗದ, ಮಾಸಿದ ಬಣ್ಣ ಅಂತಾರೆ. ಆದ್ರೆ ಆ ಪುಸ್ತಕ ಹೊಸದಾಗಿದ್ದಾಗ ಕಾಗದ ಅಷ್ಟು ಹಳದಿ ಇರ್ಲಿಲ್ಲ, ಬಣ್ಣವೂ ಮಾಸಿರ್ಲಿಲ್ಲ. ಆಗಲೂ ಮಕ್ಕಳು ಅದನ್ನ ಬಿಡದೆ ನೋಡ್ತಿದ್ರು. ಅಂದ್ಮೇಲೆ ಆಕರ್ಷಣೆ ಇರೋದು ಹಳೇತನದಲ್ಲಿ ಅಲ್ಲ.

ಮತ್ತೆ ಎಲ್ಲಿದೆ? ನನ್ನ ಪ್ರಕಾರ, ಚಿತ್ರಕಾರರು ಏನನ್ನ ಬಿಟ್ಟರು ಅನ್ನೋದರಲ್ಲಿದೆ.

ಆಗ ಬಣ್ಣದ ಮುದ್ರಣ ದುಬಾರಿ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಪ್ಲೇಟ್ ಬೇಕಿತ್ತು. ಹಾಗಾಗಿ ಎಲ್ಲಿ ಬಣ್ಣ ಬೇಕು, ಎಲ್ಲಿ ಬೇಡ ಅಂತ ಮೊದಲೇ ಯೋಚಿಸ್ಲೇಬೇಕಿತ್ತು. ಮೂರು ಪುಸ್ತಕ ನೋಡಿ, ಮೂರೂ ಅಮೆರಿಕದವು.

ಒಂದು, 1941ರ 'ಮೇಕ್ ವೇ ಫಾರ್ ಡಕ್ಲಿಂಗ್ಸ್'. ಬಾಸ್ಟನ್ ನಗರದಲ್ಲಿ ಮನೆ ಹುಡುಕೋ ಬಾತುಕೋಳಿ ಸಂಸಾರದ ಕಥೆ. ಇಡೀ ಪುಸ್ತಕಕ್ಕೆ ಒಂದೇ ಬಣ್ಣ, ಕಂದು. ರಾಬರ್ಟ್ ಮೆಕ್‌ಕ್ಲಾಸ್ಕಿ ಇದಕ್ಕಾಗಿ ಬಾತುಕೋಳಿಗಳನ್ನ ತನ್ನ ಅಪಾರ್ಟ್‌ಮೆಂಟಿಗೇ ತಂದು ಸಾಕಿದ. ಬಾತ್‌ಟಬ್ಬಲ್ಲಿ ಈಜೋಕೆ ಬಿಟ್ಟು, ಅವುಗಳ ಹಿಂದೆ ಹಿಂದೆ ಓಡಾಡ್ಕೊಂಡು ಸ್ಕೆಚ್ ಮಾಡಿದ. ಬಣ್ಣದ ಆಸರೆ ಇಲ್ದೇ ಇದ್ದಾಗ ಗೆರೆಯೇ ಎಲ್ಲಾ ಹೇಳ್ಬೇಕು. ಎಂಟು ಮರಿಗಳ ಸಾಲು ನೋಡಿ, ಒಂದನ್ನೇ ಕಾಪಿ-ಪೇಸ್ಟ್ ಮಾಡಿದ ಹಾಗೆ ಅನ್ಸೋದೇ ಇಲ್ಲ.

ಎರಡು, 1947ರ 'ಗುಡ್‌ನೈಟ್ ಮೂನ್'. ಬರೆದವರು ಮಾರ್ಗರೆಟ್ ವೈಸ್ ಬ್ರೌನ್, ಚಿತ್ರ ಕ್ಲೆಮೆಂಟ್ ಹರ್ಡ್. ಇದರಲ್ಲಿ ಬಣ್ಣದ ಪುಟ, ಕಪ್ಪು-ಬಿಳುಪಿನ ಪುಟ ಒಂದಾದ ಮೇಲೊಂದು ಬರ್ತವೆ. ಬಣ್ಣದ ಪುಟಗಳಲ್ಲಿ ಆ ಹಸಿರು ಕೋಣೆಗೆ ಪ್ರತಿಸಲ ವಾಪಸ್ ಬಂದಾಗಲೂ ಬೆಳಕು ಒಂಚೂರು ಕಮ್ಮಿ ಆಗಿರತ್ತೆ. ಗಡಿಯಾರ ಏಳು ಗಂಟೆಯಿಂದ ಎಂಟೂ ಹತ್ತಕ್ಕೆ ಹೋಗಿರತ್ತೆ. ಒಂದು ಪುಟ್ಟ ಇಲಿ ಜಾಗ ಬದಲಾಯಿಸ್ತಾ ಇರತ್ತೆ. ಇಲಿ ಈಗ ಎಲ್ಲಿದೆ ಅಂತ ಮಾತು ಹೇಳಲ್ಲ. ಓದೋಕೆ ಬಾರದ ಮಗು ಹುಡುಕತ್ತೆ, ಓದಿ ಹೇಳ್ತಿರೋ ಅಮ್ಮನಿಗಿಂತ ಮೊದಲೇ ಕಂಡುಹಿಡಿಯತ್ತೆ!

ಮೂರು, 1963ರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್'. ಮಾರಿಸ್ ಸೆಂಡಾಕ್ ಶುರುವಲ್ಲಿ ಚಿತ್ರವನ್ನ ಚಿಕ್ಕದಾಗಿ, ಸುತ್ತ ಬಿಳಿ ಜಾಗ ಬಿಟ್ಟು ಇಡ್ತಾನೆ. ಹುಡುಗನ ಕಲ್ಪನೆ ಬೆಳೆದ ಹಾಗೆ ಚಿತ್ರವೂ ಬೆಳೆಯತ್ತೆ. ಕುಣಿತದ ಹೊತ್ತಿಗೆ ಎರಡೂ ಪುಟ ತುಂಬಿ ಮಾತೇ ನಿಂತುಹೋಗತ್ತೆ. ಆಮೇಲೆ ಮತ್ತೆ ಕುಗ್ಗತ್ತೆ. ಕೊನೇ ಪುಟದಲ್ಲಿ ಚಿತ್ರವೇ ಇಲ್ಲ, ಬರೀ ಮಾತು. ಬಿಳಿ ಜಾಗವೂ ಇಲ್ಲಿ ಕಥೆ ಹೇಳೋ ಕೆಲಸ ಮಾಡತ್ತೆ.

"ಹಂಗಾದ್ರೆ ಹಳೇದೆಲ್ಲಾ ಚಿನ್ನಾನಾ?" ಅಂತ ಕೇಳ್ಬೇಡಿ. ಖಂಡಿತಾ ಅಲ್ಲ. ಆ ಕಾಲದ ಅಮೆರಿಕದ ಪುಸ್ತಕಗಳಲ್ಲಿ ಕಪ್ಪು ಮಕ್ಕಳು ಕಾಣ್ತಿದ್ದದ್ದೇ ಅಪರೂಪ, ಕಂಡ್ರೂ ಎಷ್ಟೋ ಸಲ ಗೇಲಿಯ ಚಿತ್ರಗಳಾಗಿ. ಅದಕ್ಕೇ 1962ರ 'ದ ಸ್ನೋಯಿ ಡೇ' ಅಷ್ಟು ದೊಡ್ಡ ವಿಷಯ ಆಯ್ತು. ಎಜ್ರಾ ಜ್ಯಾಕ್ ಕೀಟ್ಸ್ ಕಾಗದ ಕತ್ತರಿಸಿ ಅಂಟಿಸಿ ಮಾಡಿದ ಆ ಪುಸ್ತಕದಲ್ಲಿ ಪೀಟರ್ ಅನ್ನೋ ಕಪ್ಪು ಹುಡುಗ ಕೆಂಪು ಬಟ್ಟೆ ಹಾಕ್ಕೊಂಡು ಹಿಮದಲ್ಲಿ ಆಡ್ತಾನೆ, ಅಷ್ಟೇ. ಮಾರನೇ ವರ್ಷ ಕಾಲ್ಡಿಕಾಟ್ ಪದಕ ಬಂತು. ಹಾಗಾಗಿ ಹಳೇದು ಅನ್ನೋ ಒಂದೇ ಕಾರಣಕ್ಕೆ ಕೈಮುಗಿಯೋದು ಬೇಡ. ಯಾರನ್ನ ಬಿಟ್ಟಿದ್ದಾರೆ ಅಂತಲೂ ನೋಡ್ಬೇಕು.

ಈಗ ನಮ್ಮ ವಿಷಯಕ್ಕೆ ಬರೋಣ. ಫೆಸ್ಟ್ ಪೋಸ್ಟರ್ ಬೇಕು ಅಂದ್ರೆ ಎಐಗೆ "ವಿಂಟೇಜ್ ಸ್ಟೋರಿಬುಕ್ ಸ್ಟೈಲ್" ಅಂತ ಟೈಪ್ ಮಾಡ್ತೀವಿ. ಹಳದಿ ಬರತ್ತೆ, ಕಾಗದದ ತರಿ ಬರತ್ತೆ, ಮೂಲೆ ಮೂಲೆಗೂ ಹೂ ಎಲೆ ತುಂಬ್ಕೊಂಡು ಬರತ್ತೆ. ಆ ಇಲಿ ಮಾತ್ರ ಬರಲ್ಲ. ಯಾಕಂದ್ರೆ ಮಗು ಎಲ್ಲಿ ನೋಡತ್ತೆ, ಎಷ್ಟೊತ್ತು ಹುಡುಕತ್ತೆ ಅಂತ ಒಬ್ಬರು ಕೂತು ಯೋಚಿಸಿದ್ದಕ್ಕೆ ಇಲಿ ಅಲ್ಲಿತ್ತು. ಪೋಸ್ಟರ್ ಆದ್ರೆ ಪರವಾಗಿಲ್ಲ, ವಾರಕ್ಕೆ ಹರಿದು ಹೋಗತ್ತೆ. ಮಕ್ಕಳ ಪುಸ್ತಕಕ್ಕೂ ಇದೇ ಸಾಕು ಅಂದ್ಕೊಂಡ್ರೆ ನಷ್ಟ ಮಗುವಿಗೆ. ಅಕ್ಷರ ಬರೋಕೆ ಮುಂಚೆ ಮಗು ಓದೋದೇ ಚಿತ್ರ. ಅದಕ್ಕೆ ಮಾಡೋಕೆ ಕೆಲಸವೇ ಉಳಿಸದ ಚಿತ್ರ ಕೊಟ್ರೆ, ಸುಮ್ನೆ ಪುಟ ತಿರುಗಿಸೋದನ್ನ ಕಲಿಯತ್ತೆ. ನೋಡೋದನ್ನ ಕಲಿಯಲ್ಲ.

ಒಳ್ಳೇ ಚಿತ್ರಪುಸ್ತಕ ಹುಡುಕೋಕೆ ಹಳೇ ಕಾಲಕ್ಕೇ ಹೋಗ್ಬೇಕಿಲ್ಲ. ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗ್ತವೆ. ಬರೆದವರ ಜತೆ ಚಿತ್ರ ಬಿಡಿಸಿದವರ ಹೆಸರೂ ಇರತ್ತೆ, ದಯವಿಟ್ಟು ಆ ಹೆಸರು ಓದಿ.

ಈ ವಾರದ ಹೋಮ್‌ವರ್ಕ್: ಯಾವ್ದಾದ್ರೂ ಒಂದು ಚಿತ್ರಪುಸ್ತಕ ತಗೊಳ್ಳಿ. ಅಕ್ಷರಗಳನ್ನ ಕೈಯಲ್ಲಿ ಮುಚ್ಚಿ, ಮನೇಲಿರೋ ಚಿಕ್ಕವರಿಗೆ ತೋರಿಸಿ, "ಇಲ್ಲಿ ಏನಾಗ್ತಿದೆ?" ಅಂತ ಕೇಳಿ. ಅವರು ಕಂಡಿದ್ದು, ನಿಮ್ಮ ಕಣ್ಣಿಗೆ ಬೀಳದೇ ಇದ್ದದ್ದು ಏನು ಅಂತ ಕಾಮೆಂಟಲ್ಲಿ ಬರೀರಿ. ಒಪ್ಪದವರು ಜಗಳಕ್ಕೂ ಬರಬಹುದು. 👇

#ಚಿತ್ರಪುಸ್ತಕ #ಮಕ್ಕಳಪುಸ್ತಕ #ಕನ್ನಡ