ಮೇಜಿನ ಮೇಲಿನ ಸಿಪಾಯಿಗೂ ಒಂದು ಹೆಸರು

ಇಂಗ್ಲೆಂಡಿನ ನಡುನಾಡಿನ ಒಂದು ಊರಿನಲ್ಲಿ ಮಗಳ ಮನೆ. ಕಳೆದ ಬೇಸಿಗೆಯಲ್ಲಿ ಅಲ್ಲಿದ್ದಾಗ ಪ್ರತಿ ಗುರುವಾರ ಸಂಜೆ ಮೊಮ್ಮಗನನ್ನು ಚರ್ಚೊಂದರ ಸಭಾಂಗಣಕ್ಕೆ ಕರೆದೊಯ್ಯುವ ಹೊಣೆ ನನ್ನದಾಗಿತ್ತು. ಒಳಗೆ ನಾಲ್ಕೈದು ದೊಡ್ಡ ಮೇಜುಗಳು. ಅವುಗಳ ಮೇಲೆ ಹಸಿರು ಬಟ್ಟೆಯ ಬಯಲು, ಥರ್ಮೊಕೋಲಿನ ಗುಡ್ಡ, ನೀಲಿ ಬಣ್ಣ ಬಳಿದ ಹೊಳೆ. ಅವುಗಳ ನಡುವೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟೆತ್ತರದ ನೂರಾರು ಸಿಪಾಯಿಗಳು. ಸುತ್ತ ನಿಂತವರಲ್ಲಿ ಹದಿನಾರರ ಹುಡುಗರಿದ್ದರು, ಬಸ್ ಚಾಲಕನಿದ್ದ, ದಂತವೈದ್ಯನಿದ್ದ, ನನ್ನ ವಯಸ್ಸಿನ ಪಿಂಚಣಿದಾರರೂ ಇದ್ದರು. ಅಳತೆಪಟ್ಟಿ ಹಿಡಿದು ಸೈನ್ಯಗಳನ್ನು ಅಂಗುಲ ಅಂಗುಲವಾಗಿ ಸರಿಸುತ್ತ, ದಾಳ ಉರುಳಿಸಿ ಸೋಲು ಗೆಲುವು ನಿರ್ಣಯಿಸುತ್ತ ಎಲ್ಲರೂ ಮೈಮರೆತಿದ್ದರು. ಮೊದಲ ದಿನ ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ. ಬೆಳೆದವರು ಬೊಂಬೆಯಾಟ ಆಡುತ್ತಿದ್ದಾರಲ್ಲ, ಅದೂ ಯುದ್ಧದ ಬೊಂಬೆಯಾಟ ಎಂದು ಒಳಗೊಳಗೇ ಹೀಗಳೆದಿದ್ದೆ.

ಆ ತಿರಸ್ಕಾರ ಎರಡು ವಾರ ಮಾತ್ರ ಉಳಿಯಿತು. ಆಟಕ್ಕಿಂತ ಅದರ ಹಿಂದಿನ ದುಡಿಮೆ ನನ್ನನ್ನು ಹಿಡಿದು ನಿಲ್ಲಿಸಿತು. ಸಿಪಾಯಿಗಳು ಅಂಗಡಿಯಿಂದ ಸಿದ್ಧವಾಗಿ ಬರುವುದಿಲ್ಲ. ಕೈ, ತಲೆ, ಬಂದೂಕು ಎಲ್ಲವೂ ಬಿಡಿಬಿಡಿಯಾಗಿ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಅವನ್ನು ಕತ್ತರಿಸಿ, ಅಚ್ಚಿನ ಗೆರೆಯನ್ನು ಚಾಕುವಿನಿಂದ ಕೆರೆದು, ಅಂಟು ಹಾಕಿ, ಮೊದಲೊಂದು ಬೂದು ಲೇಪ ಕೊಟ್ಟು, ಮೂರೆಳೆಯ ಕುಂಚದಲ್ಲಿ ಬಣ್ಣ ತುಂಬಬೇಕು. ಅಂಗಿಯ ಮಡಿಕೆಗಳಿಗೆ ತೆಳುವಾದ ಕಪ್ಪು ನೀರು, ಏರುಗಳಿಗೆ ಬಹುತೇಕ ಒಣಗಿದ ಕುಂಚದ ಸವರು, ಕಾಲ ಕೆಳಗಿನ ಬಿಲ್ಲೆಗೆ ಮರಳು ಮತ್ತು ಹುಲ್ಲು. ಒಬ್ಬ ಸಿಪಾಯಿಗೆ ಒಂದು ಸಂಜೆಯೇ ಹಿಡಿಯುತ್ತದೆ. ಮೊಮ್ಮಗನ ಕೋಣೆಯಲ್ಲಿ ಬಣ್ಣ ಕಾಣದ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. ಕೊಳ್ಳುವ ವೇಗಕ್ಕೂ ಬಳಿಯುವ ವೇಗಕ್ಕೂ ತಾಳೆಯಾಗದಿರುವುದು ಈ ಹವ್ಯಾಸದ ಸಾರ್ವತ್ರಿಕ ಕಾಯಿಲೆಯಂತೆ. ಬಣ್ಣ ಬಳಿದಾದ ಮೇಲೆ ಇನ್ನೊಂದು ಕೆಲಸವಿದೆ. ಅವನಿಗೊಂದು ಹೆಸರು, ಹಿಂದಿನ ಕಥೆ, ಸ್ವಭಾವ ಕೊಡುವುದು. ಕ್ಲಬ್ಬಿನ ಹಿರಿಯರೊಬ್ಬರು ಇದಕ್ಕಾಗಿಯೇ ದಪ್ಪ ರಟ್ಟಿನ ವಹಿಯೊಂದನ್ನು ಇಟ್ಟಿದ್ದಾರೆ. ಯಾರು ಯಾವ ಕಾಳಗದಲ್ಲಿ ಗಾಯಗೊಂಡ, ಯಾರಿಗೆ ಬಡ್ತಿ ಸಿಕ್ಕಿತು, ಯಾರು ಓಡಿಹೋಗಿ ಮಾನ ಕಳೆದುಕೊಂಡ ಎಂಬುದೆಲ್ಲ ಅದರಲ್ಲಿ ದಾಖಲು. ನಮ್ಮ ಸೇವಾ ಪುಸ್ತಕಗಳಿಗಿಂತ ಅಚ್ಚುಕಟ್ಟಾಗಿತ್ತು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಈ ಆಟದ ಮೂಲವನ್ನು ಹುಡುಕುತ್ತ ಹೋದರೆ ನಮ್ಮ ಚತುರಂಗಕ್ಕೇ ಬರಬೇಕಾಗುತ್ತದೆ. ಚತುರಂಗ ಪರ್ಷಿಯಾ ಮತ್ತು ಅರಬರ ಮೂಲಕ ಯುರೋಪಿಗೆ ಹೋಗಿ ಚೆಸ್ ಆಯಿತು. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನ ಹೆಲ್ವಿಗ್ ಎಂಬ ವಿದ್ವಾಂಸ ಅದೇ ಚೆಸ್ಸನ್ನು ಹಿಗ್ಗಿಸಿ, ಮನೆಗಳಿಗೆ ನದಿ, ಗುಡ್ಡ, ಊರುಗಳ ಬಣ್ಣ ಕೊಟ್ಟು ಯುದ್ಧದ ಆಟವೊಂದನ್ನು ರೂಪಿಸಿದ. ಪ್ರಷ್ಯಾದ ರೈಸ್‌ವಿಟ್ಜ್ ತಂದೆ ಮಗ ಅದನ್ನು ಚೌಕಗಳಿಂದ ಬಿಡಿಸಿದರು. 1824ರಲ್ಲಿ ಮಗ ಸಿದ್ಧಪಡಿಸಿದ ಆವೃತ್ತಿಯಲ್ಲಿ ನಿಜವಾದ ನಕಾಶೆ, ದಾಳ ಮತ್ತು ತೀರ್ಪುಗಾರರಿದ್ದರು. ಪ್ರಷ್ಯನ್ ಸೈನ್ಯ ಅದನ್ನು ಅಧಿಕಾರಿಗಳ ತರಬೇತಿಗೆ ಬಳಸಿಕೊಂಡಿತು. 1871ರಲ್ಲಿ ಫ್ರಾನ್ಸನ್ನು ಪ್ರಷ್ಯಾ ಮಣಿಸಿದ ಮೇಲೆ ಉಳಿದ ದೇಶಗಳ ಸೈನ್ಯಗಳೂ ಈ ಪಾಠಕ್ಕೆ ಮುಗಿಬಿದ್ದವು. ಗಮನಿಸಬೇಕಾದ ಒಂದು ಸಂಗತಿಯಿದೆ. ರೈಸ್‌ವಿಟ್ಜರ ಆಟದಲ್ಲಿ ಸಿಪಾಯಿಗಳಿರಲಿಲ್ಲ. ಕೆಂಪು ಮತ್ತು ನೀಲಿಯ ಸಣ್ಣ ತುಂಡುಗಳಿದ್ದವು. ಒಂದು ತುಂಡೆಂದರೆ ನೂರಾರು ಮಂದಿ. ನಷ್ಟವನ್ನು ಕೋಷ್ಟಕ ನೋಡಿ ಕಳೆಯುತ್ತಿದ್ದರು.

ಮುಖವಿರುವ ಸಿಪಾಯಿ ಬಂದದ್ದು ಮಕ್ಕಳ ಕೋಣೆಯಿಂದ. ಲಂಡನ್ನಿನ ವಿಲಿಯಂ ಬ್ರಿಟನ್ ಸಂಸ್ಥೆ 1893ರಲ್ಲಿ ಒಳಗೆ ಪೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ದು ಅಗ್ಗದ ದರಕ್ಕೆ ಮಾರತೊಡಗಿತು. ಅವನ್ನು ನೆಲದ ಮೇಲೆ ಹರಡಿಕೊಂಡು ಆಡಿದವರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ಒಬ್ಬರು. 1913ರಲ್ಲಿ ಅವರು ಪ್ರಕಟಿಸಿದ ‘ಲಿಟಲ್ ವಾರ್ಸ್’ ಈ ಹವ್ಯಾಸದ ಮೊದಲ ಪ್ರಸಿದ್ಧ ಕೈಪಿಡಿ. ದೊಡ್ಡ ಯುದ್ಧ ಎಷ್ಟು ಅವಿವೇಕದ್ದೆಂದು ತಿಳಿಯಲು ಈ ಸಣ್ಣ ಯುದ್ಧವನ್ನು ಮೂರು ನಾಲ್ಕು ಬಾರಿ ಆಡಿದರೆ ಸಾಕು ಎಂಬುದು ಅವರ ವಾದದ ಸಾರ. ಮರುವರ್ಷವೇ ಮಹಾಯುದ್ಧ ಆರಂಭವಾಯಿತು. ಅದೇ ವೆಲ್ಸ್ ಆ ಯುದ್ಧವನ್ನು ಸಮರ್ಥಿಸಿ ಬರೆದರು. ಆದ್ದರಿಂದ ಬೊಂಬೆಯ ಯುದ್ಧ ಮನುಷ್ಯನನ್ನು ಶಾಂತಿಪ್ರಿಯನನ್ನಾಗಿ ಮಾಡುತ್ತದೆ ಎಂದು ನಾನು ವಾದಿಸಲಾರೆ. ಅದು ಅವನನ್ನು ಯುದ್ಧಪಿಪಾಸುವನ್ನಾಗಿ ಮಾಡುತ್ತದೆ ಎಂಬ ನಮ್ಮ ಕಡೆಯ ಅನೇಕ ಪೋಷಕರ ಆತಂಕವೂ ನನಗೆ ಆಧಾರವಿಲ್ಲದ್ದಾಗಿ ಕಾಣುತ್ತದೆ. ಯುರೋಪನ್ನು ಕಂದಕಗಳಿಗೆ ಇಳಿಸಿದವರು ನೆಲದ ಮೇಲೆ ಕುಳಿತು ಆಡಿದವರಲ್ಲ, ಕೆಂಪು ನೀಲಿ ತುಂಡುಗಳನ್ನು ನಕಾಶೆಯ ಮೇಲೆ ಸರಿಸಿ ಅಭ್ಯಾಸವಾದವರು.

ಬೊಂಬೆಗೆ ಹೆಸರಿಡುವುದರಿಂದ ಏನಾಗುತ್ತದೆ? ಇದಕ್ಕೆ ಉತ್ತಮ ನಿದರ್ಶನ ಯಾರ್ಕ್‌ಶೈರ್‌ನ ಹಾವರ್ಥ್ ಎಂಬ ಹಳ್ಳಿಯದು. 1826ರಲ್ಲಿ ಅಲ್ಲಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ತಮ್ಮ ಮಗನಿಗೆಂದು ಹನ್ನೆರಡು ಮರದ ಸಿಪಾಯಿಗಳ ಪೆಟ್ಟಿಗೆಯೊಂದನ್ನು ತಂದರು. ಮಕ್ಕಳು ತಲಾ ಒಬ್ಬೊಬ್ಬನನ್ನು ಆರಿಸಿಕೊಂಡು ಹೆಸರಿಟ್ಟರು. ಆ ಹೆಸರುಗಳಿಂದ ಒಂದು ನಗರ, ಅದರ ಪತ್ರಿಕೆಗಳು, ರಾಜಕೀಯ, ಒಳಸಂಚು ಎಲ್ಲವೂ ಹುಟ್ಟಿದವು. ಬೆರಳಗಲದ ಪುಸ್ತಕಗಳಲ್ಲಿ ಅವನ್ನೆಲ್ಲ ಬರೆದಿಟ್ಟ ಆ ಮಕ್ಕಳಲ್ಲಿ ಷಾರ್ಲಟ್ 1847ರಲ್ಲಿ ‘ಜೇನ್ ಐರ್’ ಬರೆದಳು, ಎಮಿಲಿ ಅದೇ ವರ್ಷ ‘ವುದರಿಂಗ್ ಹೈಟ್ಸ್’ ಪ್ರಕಟಿಸಿದಳು. ಷಾರ್ಲಟ್ ತನ್ನ ಸಿಪಾಯಿಗೆ ಇಟ್ಟಿದ್ದ ಹೆಸರು ಡ್ಯೂಕ್ ಆಫ್ ವೆಲಿಂಗ್ಟನ್. ಅಂದರೆ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದು, ಆಮೇಲೆ ಅಲ್ಲಿನ ದರಿಯಾ ದೌಲತ್‌ನಲ್ಲಿ ವಾಸ್ತವ್ಯ ಹೂಡಿದ್ದ ಆರ್ಥರ್ ವೆಲ್ಲೆಸ್ಲಿ.

ಇಪ್ಪತ್ತನೆಯ ಶತಮಾನದಲ್ಲೂ ಇದೇ ನಡೆಯಿತು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬ ಯುವಕ ನೆಪೋಲಿಯನ್ ಕಾಲದ ಕಾಳಗವೊಂದನ್ನು ಆಡಿಸುವಾಗ, ಸೇನಾಪತಿಗಳನ್ನಷ್ಟೇ ಅಲ್ಲದೆ ಊರಿನ ಮೇಯರ್ ಮುಂತಾದ ಪಾತ್ರಗಳನ್ನೂ ಆಟಗಾರರಿಗೆ ಹಂಚಿದ. ಕಾಳಗವನ್ನು ಮರೆತು ಎಲ್ಲರೂ ಪಾತ್ರಗಳಲ್ಲಿ ಮುಳುಗಿದರು. ಆ ಬೀಜದಿಂದ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಬಂತು. ಅದನ್ನು ಬ್ರಿಟನ್ನಿನಲ್ಲಿ ಮಾರುತ್ತ ಬೆಳೆದ ಗೇಮ್ಸ್ ವರ್ಕ್‌ಷಾಪ್ ಎಂಬ ಸಂಸ್ಥೆಯನ್ನು 1975ರಲ್ಲಿ ಮೂವರು ಗೆಳೆಯರು ಲಂಡನ್ನಿನಲ್ಲಿ ಆರಂಭಿಸಿದ್ದರು. ಮೊದಲು ಅವರು ಮಾಡುತ್ತಿದ್ದದ್ದು ಮರದ ಆಟದ ಹಲಗೆಗಳನ್ನು. ಈಗ ನಾಟಿಂಗ್‌ಹ್ಯಾಮ್‌ನಲ್ಲಿ ನೆಲೆಸಿ, ಪ್ಲಾಸ್ಟಿಕ್ ಸಿಪಾಯಿಗಳನ್ನು ತಯಾರಿಸುವ ಆ ಕಂಪನಿ 2024ರ ಡಿಸೆಂಬರಿನಲ್ಲಿ ಲಂಡನ್ ಷೇರು ಪೇಟೆಯ ಅತಿ ದೊಡ್ಡ ನೂರು ಕಂಪನಿಗಳ ಸೂಚ್ಯಂಕಕ್ಕೆ ಸೇರಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ಕುತೂಹಲದ ವಿಷಯ. ಕೊಳ್ಳುವವನೇ ಗಂಟೆಗಟ್ಟಲೆ ದುಡಿದು ಪೂರ್ಣಗೊಳಿಸಬೇಕಾದ ಸರಕಿಗೆ ಬೆಲೆ ಕಡಿಮೆಯಿರಬೇಕು ಎಂದು ಪಠ್ಯಪುಸ್ತಕ ಹೇಳುತ್ತದೆ. ಇಲ್ಲಿ ತದ್ವಿರುದ್ಧ. ತಾವೇ ಜೋಡಿಸಿದ ವಸ್ತುವಿಗೆ ಜನ ಹೆಚ್ಚು ಬೆಲೆ ಕಟ್ಟುತ್ತಾರೆ ಎಂಬುದನ್ನು 2012ರಲ್ಲಿ ಪ್ರಕಟವಾದ ನಾರ್ಟನ್, ಮೊಶಾನ್ ಮತ್ತು ಏರಿಯಲಿ ಅವರ ಅಧ್ಯಯನ ತೋರಿಸಿತ್ತು. ಹೆಸರಿಟ್ಟ ಸಿಪಾಯಿಯನ್ನಂತೂ ಯಾರೂ ಮಾರುವುದಿಲ್ಲ.

ಆಗಸ್ಟಿನ ಒಂದು ಗುರುವಾರ ಮೇಜಿನ ಮೇಲೆ ಹೊಸ ನೋಟ ಕಾಣಿಸಿತು. ಅಡಿಕೆ, ತೆಂಗುಗಳೆಂದು ಊಹಿಸಬಹುದಾದ ಮರಗಳ ತೋಪು, ಒಣಗಿದ ಕಾಲುವೆ, ಆಚೆ ಹುಲಿಪಟ್ಟೆಯ ಅಂಗಿ ತೊಟ್ಟ ಸಿಪಾಯಿಗಳು. ಅವರ ಹಿಂದೆ ಬಿದಿರಿನ ಉದ್ದ ಬಾಲದ ಬಾಣಗಳನ್ನು ಹಿಡಿದವರು. ಅದು 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ನಡೆದ ಕಾಳಗ. ಕತ್ತಲಲ್ಲಿ ನುಗ್ಗಿದ ವೆಲ್ಲೆಸ್ಲಿಯ ಪಡೆ ಮೈಸೂರಿನ ಬಂದೂಕು ಮತ್ತು ಅಗ್ನಿಬಾಣಗಳಿಗೆ ಸಿಕ್ಕಿ ದಿಕ್ಕೆಟ್ಟು ಹಿಂದೆ ಸರಿದಿತ್ತು. ಮರುದಿನ ಹಗಲಿನಲ್ಲಿ ತೋಪು ಅವರ ವಶವಾಯಿತು. ಆ ಬಾಣಗಳನ್ನು ನೋಡಿಯೇ ಮುಂದೆ ವಿಲಿಯಂ ಕಾಂಗ್ರೀವ್ ಬ್ರಿಟಿಷ್ ರಾಕೆಟ್ಟನ್ನು ರೂಪಿಸಿದ್ದು. 2018ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಇಂಥ ಬಾಣಗಳ ಲೋಹದ ಕೊಳವೆಗಳು ಸಿಕ್ಕಿದ್ದನ್ನು ನಾನು ಅಲ್ಲಿದ್ದವರಿಗೆ ಹೇಳಿದಾಗ ಆಟ ಕಾಲು ಗಂಟೆ ನಿಂತುಹೋಯಿತು.

ಆಮೇಲೆ ಆ ಹಿರಿಯರು ವಹಿಯನ್ನು ನನ್ನತ್ತ ತಿರುಗಿಸಿದರು. ಎಡಪುಟದಲ್ಲಿ ಮೂವತ್ತಮೂರನೆಯ ರೆಜಿಮೆಂಟಿನ ಕೆಂಪಂಗಿಗಳು. ಪ್ರತಿಯೊಬ್ಬನಿಗೂ ಹೆಸರು, ಊರು, ಒಬ್ಬನಿಗೆ ಕುಡಿತದ ಚಟ, ಇನ್ನೊಬ್ಬನಿಗೆ ಮನೆಯಲ್ಲಿ ಕಾಯುತ್ತಿರುವ ತಂಗಿ. ಬಲಪುಟದಲ್ಲಿ ಮೈಸೂರು. ಅಲ್ಲಿ ಒಂದರಿಂದ ನಲವತ್ತೆಂಟರವರೆಗೆ ಅಂಕಿಗಳಿದ್ದವು, ಅಷ್ಟೇ. ಅವರ ಮುಖದಲ್ಲಿ ನಿಜವಾದ ಮುಜುಗರವಿತ್ತು. ಬ್ರಿಟಿಷ್ ರೆಜಿಮೆಂಟುಗಳ ಹಾಜರಿ ಪಟ್ಟಿಗಳು ಪತ್ರಾಗಾರದಲ್ಲಿ ಸಿಗುತ್ತವೆ, ಇವರದು ತಮಗೆಲ್ಲೂ ಸಿಗಲಿಲ್ಲ ಎಂದರು. ದೊಡ್ಡ ಸರದಾರರ ಹೆಸರುಗಳು ಅವರಿಗೆ ಗೊತ್ತಿದ್ದವು. ಮೇ 4ರಂದು ಕೋಟೆಯ ಬಿರುಕಿನ ಬಳಿ ಗುಂಡೇಟಿಗೆ ಬಲಿಯಾದ ಸಯ್ಯದ್ ಗಫಾರನ ಬೊಂಬೆಯನ್ನು ಆಗಲೇ ಮಾಡಿಟ್ಟಿದ್ದರು. ಬಾಣ ಹಿಡಿದವನ ಹೆಸರೇನಿರಬಹುದು ಎಂಬುದು ಅವರ ಪ್ರಶ್ನೆ.

ನನಗೆ ಮಾತು ಹೊರಡಲಿಲ್ಲ. ಅಂಥದೇ ಬಲಪುಟಗಳನ್ನು ತುಂಬಿಸುತ್ತ ನಾನು ಮೂರು ದಶಕ ಕಳೆದವನು. ಒಂದು ನೀರಾವರಿ ಯೋಜನೆಯಲ್ಲಿ ಮುಳುಗಡೆಯಾಗುವ ಹಳ್ಳಿಗಳ ಪಟ್ಟಿಗೆ ಸಹಿ ಹಾಕಿದ್ದೇನೆ. ಕುಟುಂಬಗಳ ಸಂಖ್ಯೆ, ಎಕರೆ, ಗುಂಟೆ, ಪರಿಹಾರದ ಮೊತ್ತ. ಪಟ್ಟಿ ನಿಯಮದಂತೆ ಸರಿಯಾಗಿಯೇ ಇತ್ತು. ಅದರೊಳಗಿನ ಒಬ್ಬ ರೈತನ ಹೆಸರೂ ಇಂದು ನನಗೆ ನೆನಪಿಲ್ಲ, ಮೊತ್ತ ಮಾತ್ರ ನೆನಪಿದೆ. ಆಡಳಿತಕ್ಕೆ ಅಂಕಿಅಂಶ ಬೇಡವೆಂದು ನಾನು ಹೇಳುತ್ತಿಲ್ಲ. ಅಂಕಿಯಿಲ್ಲದ ಆಡಳಿತ ಕುರುಡು. ಆದರೆ ನಮ್ಮ ತರಬೇತಿ ಸಂಸ್ಥೆಗಳಲ್ಲಿ ಕಿರಿಯ ಅಧಿಕಾರಿಗಳಿಗೆ ಕಲಿಸುವುದು ರೈಸ್‌ವಿಟ್ಜರ ಆಟವನ್ನು ಮಾತ್ರ. ಒಂದು ವಾರದ ಮಟ್ಟಿಗಾದರೂ ಕಡತವೊಂದರ ‘ಫಲಾನುಭವಿ’ಗಳಲ್ಲಿ ಹತ್ತು ಮಂದಿಯ ಹೆಸರು, ಮನೆ, ಸಾಲ, ಸ್ವಭಾವಗಳನ್ನು ಬರೆದುಕೊಂಡು ಬರಲು ಅವರನ್ನು ಕಳಿಸಬಾರದೇಕೆ? ಖರ್ಚು ಬಸ್ ದರದಷ್ಟೇ.

ಮುಂದಿನ ಗುರುವಾರದೊಳಗೆ ನಾನೂ ಮೊಮ್ಮಗನೂ ಕುಳಿತು ಬಲಪುಟವನ್ನು ತುಂಬಿದೆವು. ಸುಳ್ಳು ಸೇರಿಸದೆ ಬರೆಯುವುದು ಸುಲಭವಾಗಿರಲಿಲ್ಲ. ತಿಳಿದಿದ್ದನ್ನು ಆಧರಿಸಿ ಊಹಿಸಿದೆವು. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದಾಗ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ಚೇಲಾ ಪಡೆಗಳಿಗೆ ಸೇರಿಸಿದ್ದ. ಹಾಗಾಗಿ ನಮ್ಮ ಏಳನೆಯವನು ದುರ್ಗದವನಾದ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಓಬಣ್ಣ, ಪಡೆಯಲ್ಲಿ ಇಟ್ಟ ಹೆಸರು ಬೇರೆ, ಎರಡಕ್ಕೂ ಓಗೊಡುತ್ತಾನೆ. ಇಪ್ಪತ್ತೆರಡನೆಯವನು ಕಂದಾಚಾರದ ಸಿಪಾಯಿ ಕೆಂಚ, ಮುಂಗಾರಿಗೆ ಮುಂಚೆ ಊರಿಗೆ ಹೋಗಬೇಕೆಂಬ ಆತುರದವನು. ಮೂವತ್ತೊಂದನೆಯವನು ಇಮಾಂ, ಬಾಣ ಹಚ್ಚುವುದರಲ್ಲಿ ನಿಪುಣ, ಒಂದು ಕಿವಿ ಕೇಳಿಸದು. ಹೆಸರುಗಳ ಜೊತೆ ಉಚ್ಚಾರಣೆಯನ್ನೂ ಮೊಮ್ಮಗ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟ.

ಆಟ ಮತ್ತೆ ಆರಂಭವಾಯಿತು. ಎರಡನೆಯ ಸರದಿಯಲ್ಲೇ ಇಮಾಂ ಬಿದ್ದ. ಆಚೆ ಬದಿಯ ಹುಡುಗ ಬೊಂಬೆಯನ್ನು ತಟ್ಟೆಗೆ ಹಾಕುವ ಮುನ್ನ ತಲೆಯೆತ್ತಿ, ಇವನು ಯಾವ ಊರಿನವನು, ವಹಿಯಲ್ಲಿ ಬರೆದಿಲ್ಲವಲ್ಲ ಎಂದು ಕೇಳಿದ. ನಾವು ಅದನ್ನು ಬಿಟ್ಟುಬಿಟ್ಟಿದ್ದೆವು.