ದಂಡದ ರಸೀದಿ ಸಾಲದು, ರಸ್ತೆಯೂ ಸರಿಯಾಗಬೇಕು

ರಸ್ತೆ ಅಪಘಾತ ನಡೆದಾಗಲೆಲ್ಲ ‘ಚಾಲಕನ ಅಜಾಗರೂಕತೆ’ ಎಂದು ಬರೆದು ಕಡತ ಮುಚ್ಚುವುದು ರೂಢಿಯಾಗಿಬಿಟ್ಟಿದೆ. ಚಾಲಕರದು ತಪ್ಪೇ ಇಲ್ಲವೆಂದಲ್ಲ. ಆದರೆ 2019ರ ಸೆಪ್ಟೆಂಬರ್‌ನಲ್ಲಿ ಚೆನ್ನೈನ ಪಳ್ಳಿಕರಣೈಯಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಬೇಕು. ರಸ್ತೆ ನಡುವೆ ಅನುಮತಿಯಿಲ್ಲದೆ ಕಟ್ಟಿದ್ದ ಬ್ಯಾನರ್ ಸ್ಕೂಟರಿನಲ್ಲಿ ಹೋಗುತ್ತಿದ್ದ ಯುವತಿಯ ಮೇಲೆ ಬಿತ್ತು. ಆಕೆ ಕೆಳಗುರುಳಿದಳು. ಹಿಂದಿನಿಂದ ಬಂದ ನೀರಿನ ಟ್ಯಾಂಕರ್ ಆಕೆಯ ಮೇಲೆ ಹರಿಯಿತು. ಇಲ್ಲಿ ಲಾರಿ ಚಾಲಕನನ್ನು ಹಿಡಿದರೆ ಲೆಕ್ಕ ಚುಕ್ತಾ ಆಗುತ್ತದೆಯೆ? ಬ್ಯಾಂಕಿನಲ್ಲಿ ನಗದು ಕಡಿಮೆ ಬಿದ್ದರೆ ಕ್ಯಾಷಿಯರನ್ನು ಮಾತ್ರ ಕೇಳುವುದಿಲ್ಲ. ಚೀಟಿ ಬರೆದವರಿಂದ ಪಾಸು ಮಾಡಿದವರ ತನಕ ಎಲ್ಲರನ್ನೂ ಕೇಳುತ್ತಾರೆ. ಜೀವ ಹೋದಾಗ ಅಷ್ಟೂ ವಿಚಾರಣೆ ಬೇಡವೆ?

ಅಂಕಿ-ಅಂಶಗಳನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಅವರಲ್ಲಿ ಹೆಚ್ಚುಕಡಿಮೆ ನೂರಕ್ಕೆ 44 ಮಂದಿ ದ್ವಿಚಕ್ರದವರು, ಐದರಲ್ಲೊಬ್ಬರು ಪಾದಚಾರಿಗಳು. ಆ ವರ್ಷ ಅತಿ ಹೆಚ್ಚು ಅಪಘಾತಗಳು ದಾಖಲಾದ ರಾಜ್ಯ ತಮಿಳುನಾಡು. ಸಾವಿನ ಸಂಖ್ಯೆಯಲ್ಲಿ ಉತ್ತರ ಪ್ರದೇಶದ ನಂತರದ ಸ್ಥಾನ ಇದರದೇ.

ಹಾಗೆಂದು ಇದು ಹಣೆಬರಹವಲ್ಲ ಎಂಬುದನ್ನು ಇದೇ ತಮಿಳುನಾಡು ತೋರಿಸಿಕೊಟ್ಟಿತ್ತು. 2016ರಲ್ಲಿ ಇಲ್ಲಿ 17,218 ಮಂದಿ ಸತ್ತಿದ್ದರು. 2019ರ ಹೊತ್ತಿಗೆ ಆ ಸಂಖ್ಯೆ 10,525ಕ್ಕೆ ಇಳಿಯಿತು. ಮೂರೇ ವರ್ಷಗಳಲ್ಲಿ 6,693ರಷ್ಟು ಇಳಿಕೆ. ಯಾವುದೋ ಒಂದು ಮಂತ್ರದಿಂದ ಆದದ್ದಲ್ಲ. ಪದೇ ಪದೇ ಅಪಘಾತವಾಗುವ ತಿರುವುಗಳನ್ನು ಗುರುತಿಸಿ ತಿದ್ದಿದರು. 108 ಆಂಬ್ಯುಲೆನ್ಸ್‌ಗಳನ್ನು ಅಪಘಾತ ಹೆಚ್ಚುವ ಜಾಗಗಳ ಹತ್ತಿರ ನಿಲ್ಲಿಸಿದರು. ಸರಕಾರಿ ಆಸ್ಪತ್ರೆಗಳಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆ ಬಲಪಡಿಸಿದರು. ಸುಪ್ರೀಂ ಕೋರ್ಟ್ ಆದೇಶದಂತೆ 2017ರಲ್ಲಿ ಹೆದ್ದಾರಿ ಬದಿಯ ಮದ್ಯದಂಗಡಿಗಳೂ ಮುಚ್ಚಿದವು. ಪೊಲೀಸ್, ಹೆದ್ದಾರಿ, ಆರೋಗ್ಯ, ಸಾರಿಗೆ ಇಲಾಖೆಗಳು ಒಂದೇ ಮೇಜಿನ ಸುತ್ತ ಕುಳಿತವು, ಅದೇ ದೊಡ್ಡದು. ಆಮೇಲೆ ಏನಾಯಿತು? 2023ರಲ್ಲಿ 18,347. ಕೊರೋನಾ ವರ್ಷದ ಇಳಿಕೆಯನ್ನು ಪಕ್ಕಕ್ಕಿಟ್ಟರೂ ಗಳಿಸಿದ್ದೆಲ್ಲ ಕೈಬಿಟ್ಟುಹೋಯಿತೆಂದೇ ಅರ್ಥ.

ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಮರಣದಂಡನೆಯಾಗದಂತೆ ರಸ್ತೆ ಕಟ್ಟಬೇಕು ಎಂಬುದನ್ನು ಸ್ವೀಡನ್ ಸಂಸತ್ತು 1997ರಲ್ಲೇ ನೀತಿಯಾಗಿ ಒಪ್ಪಿತು. ಚೆನ್ನೈಯಲ್ಲಿ 2023ರ ನವೆಂಬರ್‌ನಲ್ಲಿ ವಸತಿ ಪ್ರದೇಶಗಳಿಗೆ ಗಂಟೆಗೆ 30 ಕಿ.ಮೀ. ಮಿತಿ ಹಾಕಿದರು. ನಿರ್ಧಾರ ಒಳ್ಳೆಯದೇ. ಆ ವೇಗದಲ್ಲಿ ಗುದ್ದಿದರೆ ನಡೆಯುವವ ಬದುಕುಳಿಯುವ ಸಾಧ್ಯತೆ ಹೆಚ್ಚು, ವೇಗ ಏರಿದಂತೆ ಅದು ಕಡಿಮೆಯಾಗುತ್ತದೆ. ಆದರೆ ಬೋರ್ಡಿನಲ್ಲಿ 30 ಎಂದು ಬರೆದು ರಸ್ತೆಯನ್ನು ಮಾತ್ರ 60ಕ್ಕೆ ಹೇಳಿ ಮಾಡಿಸಿದಂತೆ ನೇರವಾಗಿ, ಅಗಲವಾಗಿ ಬಿಟ್ಟರೆ ಯಾರು ಕೇಳುತ್ತಾರೆ? ಫುಟ್‌ಪಾತ್ ಇರುವಲ್ಲಿ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಬೈಕುಗಳು. ಜನ ರಸ್ತೆಗಿಳಿಯದೆ ವಿಧಿಯಿಲ್ಲ. ಒಳರಸ್ತೆ ಕಾರ್ಪೊರೇಶನ್ನಿನದು, ಮುಖ್ಯರಸ್ತೆ ರಾಜ್ಯ ಹೆದ್ದಾರಿ ಇಲಾಖೆಯದು, ಅಗೆಯುವುದು ಮೆಟ್ರೊ ವಾಟರ್, ಸಿಗ್ನಲ್ ಬಳಿ ನಿಲ್ಲುವುದು ಪೊಲೀಸರು. ಹೊಂಡಕ್ಕೆ ಬಿದ್ದವ ಯಾರ ಬಾಗಿಲು ತಟ್ಟಬೇಕು? 2019ರ ಮೋಟಾರು ವಾಹನ ತಿದ್ದುಪಡಿಯ 198ಎ ಕಲಂ ಕೆಟ್ಟ ರಸ್ತೆಯಿಂದ ಸಾವಾದರೆ ಗುತ್ತಿಗೆದಾರರಿಗೂ ಅಧಿಕಾರಿಗಳಿಗೂ 1 ಲಕ್ಷ ರೂ. ತನಕ ದಂಡ ಹಾಕಬಹುದೆನ್ನುತ್ತದೆ. ಹೆಲ್ಮೆಟ್ ಇಲ್ಲದವನಿಗೆ ರಸೀದಿ ಹರಿಯುವಷ್ಟು ಸಲೀಸಾಗಿ ಈ ಕಲಂ ಬಳಕೆಗೆ ಬರಲಿ. ಪಾಂಡಿ ಬಜಾರಿನಲ್ಲಿ 2019ರಲ್ಲಿ ನಡೆಯುವವರಿಗೆಂದು ಅಗಲ ಫುಟ್‌ಪಾತ್ ಮಾಡಿದ ಮೇಲೆ ಆ ಬೀದಿಯಲ್ಲಿ ಮುದುಕರೂ ಮಕ್ಕಳೂ ಧೈರ್ಯವಾಗಿ ಓಡಾಡುತ್ತಿದ್ದಾರಲ್ಲ!

ಇಲ್ಲಿನ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಹಬ್ಬ ಬಂತೆಂದರೆ ಶ್ರೀಪೆರಂಬುದೂರು, ವೆಲ್ಲೂರು, ಕೃಷ್ಣಗಿರಿ ದಾಟಿ ಬೆಂಗಳೂರಿಗೆ ರಾತ್ರೋರಾತ್ರಿ ಹೊರಡುವ ಕುಟುಂಬಗಳೆಷ್ಟಿಲ್ಲ! ಹೊಟೇಲು ಮುಚ್ಚಿದ ಮೇಲೆ ಸರಿರಾತ್ರಿಯಲ್ಲಿ ಸೈಕಲ್ ತುಳಿದು ಕೋಣೆಗೆ ಮರಳುವ ಊರಿನ ಹುಡುಗರಿಗೆ ಹಿಂಬದಿಯ ಕೆಂಪು ದೀಪವೊಂದನ್ನು ಕೊಡಿಸುವುದು ಮಾಲಕರಿಗೆ ಹೊರೆಯಾಗಲಾರದು. 2021ರ ಡಿಸೆಂಬರ್ 18ರಂದು ರಾಜ್ಯ ಸರಕಾರ ಆರಂಭಿಸಿದ ‘ಇನ್ನುಯಿರ್ ಕಾಪ್ಪೋಂ’ ಯೋಜನೆಯಲ್ಲಿ ಅಪಘಾತಕ್ಕೊಳಗಾದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆ ಉಚಿತ. ಗಾಯಾಳು ಯಾವ ರಾಜ್ಯದವರೆಂದು ಕೇಳುವಂತಿಲ್ಲ. ಆಸ್ಪತ್ರೆಗೆ ತಂದವರನ್ನೂ ಕಾನೂನಿನ ಪ್ರಕಾರ ಪೊಲೀಸರು ಸತಾಯಿಸುವಂತಿಲ್ಲ. ಎಷ್ಟು ಮಂದಿಗೆ ಇದು ಗೊತ್ತಿದೆ? ನಗರದ ಕನ್ನಡ ಸಂಘಗಳು ಮುಂದಿನ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಈ ಯೋಜನೆಯ ವಿವರವನ್ನೂ 108ರ ಸಂಖ್ಯೆಯನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಲಿ. ತಮ್ಮ ವಾರ್ಡಿನ ಕೌನ್ಸಿಲರನ್ನು ಸಭೆಗೆ ಕರೆದು ಹಾರ ಹಾಕುವ ಮೊದಲು ಸಂಘದ ಎದುರಿನ ರಸ್ತೆಗೆ ಪಾದಚಾರಿ ದಾಟುಪಟ್ಟಿ ಯಾವಾಗ ಬಳಿಸುತ್ತೀರೆಂದು ಕೇಳಲಿ.