ಒಂದು ಮಾರು ತಂತಿಯ ಬೆಲೆ

ಯಲಬುರ್ಗಿ ತಾಲೂಕಿನ ವಾಚಕ ಮಹನೀಯರೊಬ್ಬರು ಬರೆದಿರುವ ಪತ್ರದ ಸಾರಾಂಶವು ಹೀಗಿದೆ. ಅವರ ಮಗನು ಸಂಗೀತಾಸಕ್ತನು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಊರಿನ ಮನೆಗೆ ಒಳ್ಳೆಯ ಆಂಪ್ಲಿಫಯರನ್ನೂ ಒಂದು ಜೊತೆ ಸ್ಪೀಕರುಗಳನ್ನೂ ತಂದಿರಿಸಿದ್ದಾನೆ. ಈಗ ಅಂಗಡಿಯವರ ಮಾತು ಕೇಳಿ, ಗೋಡೆಯ ಸಾಕೆಟ್ಟಿನಿಂದ ಯಂತ್ರಕ್ಕೆ ಕರೆಂಟು ಒಯ್ಯುವ 2 ಮೀಟರು ವಾಯರಿಗೆ 40,000 ರೂಪಾಯಿ ಕೊಡಬೇಕೆಂದು ನಿಶ್ಚಯಿಸಿದ್ದಾನೆ. ಅದೇ ಹಣದಿಂದ ಮನೆಯ ಹಳೆಯ ವಾಯರಿಂಗನ್ನು ತೆಗೆಸಿ ಹೊಸದು ಮಾಡಿಸಬೇಕೆಂಬುದು ತಂದೆಯ ಎಣಿಕೆಯಾಗಿತ್ತು. "ನಾದದ ವಿಷಯ ನನಗೆ ತಿಳಿಯದು, ಮಾಸ್ತರರು ನಿರ್ಣಯ ಹೇಳಬೇಕು" ಎಂದು ಅಪ್ಪಣೆಯಾಗಿದೆ.

ಪ್ರತಿಜ್ಞೆಯನ್ನು ಮೊದಲಿಟ್ಟು ಹೇತುವನ್ನು ಅನಂತರ ಹೇಳುವುದು ನ್ಯಾಯಶಾಸ್ತ್ರದ ಕ್ರಮವಷ್ಟೆ. ಆದಕಾರಣ ಮೊದಲೇ ಹೇಳಿಬಿಡುವೆನು: ಆ ತಂತಿಯನ್ನು ಕೊಳ್ಳಬೇಕಾದ ಅವಶ್ಯಕತೆಯಿಲ್ಲ. ಮನೆಯ ವಾಯರಿಂಗನ್ನು ಮಾಡಿಸಿರಿ.

ಇನ್ನು ಹೇತು. ನಮ್ಮ ಮನೆಗೆ ಬರುವ ವಿದ್ಯುಚ್ಛಕ್ತಿಯು ಒಂದೇ ಮೂಲದ್ದಲ್ಲ. ಮುನಿರಾಬಾದಿನ ನೀರಿನಿಂದ ಹುಟ್ಟಿದ್ದು, ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಪಡೆದದ್ದು, ಕೊಪ್ಪಳ-ಗದಗ ಸೀಮೆಯ ಗಾಳಿಯಂತ್ರಗಳದ್ದು, ಎಲ್ಲವೂ ಒಂದೇ ಜಾಲದಲ್ಲಿ ಕೂಡಿ ಹರಿಯುತ್ತವೆ. ಹತ್ತಾರು ಹರದಾರಿ ಅಲ್ಯುಮಿನಿಯಂ ತಂತಿಯಲ್ಲಿ ಬಂದು, 11,000 ವೋಲ್ಟಿನ ಲೈನಿನಿಂದ ಊರ ಮುಂದಿನ ಟಿ.ಸಿ.ಯಲ್ಲಿ ಇಳಿದು, ಕಂಬದಿಂದ ಕಂಬಕ್ಕೆ ಹಾಯ್ದು, ಮೀಟರನ್ನೂ ಫ್ಯೂಜನ್ನೂ ದಾಟಿ, ಗೋಡೆಯೊಳಗಿನ ಹಳೆಯ ವಾಯರಿನಲ್ಲಿ ಹರಿದು ಸಾಕೆಟ್ಟಿಗೆ ತಲಪುತ್ತದೆ. ಇಷ್ಟು ಪ್ರಯಾಣವಾದ ಮೇಲೆ ಕೊನೆಯ ಒಂದು ಮಾರಿನಲ್ಲಿ ಅದನ್ನು ಶುದ್ಧಮಾಡುವೆನೆನ್ನುವುದು ಹೇಗಿದೆಯೆಂದರೆ, ತುಂಗಭದ್ರಾ ಎಡದಂಡೆ ಕಾಲುವೆಯಿಂದ ಗಂಗಾವತಿಯ ಗದ್ದೆಗೆ ಬರುವ ನೀರಿಗೆ ಬದುವಿನ ಬಳಿ ಎರಡು ಮೊಳ ಬೆಳ್ಳಿಯ ದೋಣಿ ಹಾಕಿದಂತೆ. ಬತ್ತಕ್ಕೆ ಅದರ ಗೊಡವೆಯಿಲ್ಲ.

ಮಾರುವವರು ಇದಕ್ಕೊಂದು ಉತ್ತರವನ್ನಿಟ್ಟಿದ್ದಾರೆ: "ನಿಮಗೆ ಅದು ಕೊನೆಯ ಮಾರು, ಯಂತ್ರಕ್ಕೆ ಮೊದಲನೆಯದು." ಮಾತು ಚಮತ್ಕಾರದ್ದೇ. ಆದರೆ ಯಂತ್ರವು ಆ ಕರೆಂಟನ್ನು ಬಂದ ರೂಪದಲ್ಲಿ ಸ್ಪೀಕರಿಗೆ ಕಳಿಸುವುದಿಲ್ಲ. ಸೆಕೆಂಡಿಗೆ 50 ಆವರ್ತ ಹಿಂದುಮುಂದಾಗುವ ಪ್ರವಾಹವನ್ನು ಒಳಗೆ ಒಂದೇ ದಿಕ್ಕಿಗೆ ತಿರುಗಿಸಿ, ಕೆಪ್ಯಾಸಿಟರು ಎಂಬ ಸಣ್ಣ ಕೊಳಗಳಲ್ಲಿ ತುಂಬಿಟ್ಟು, ಏರಿಳಿತವನ್ನು ಅಡಗಿಸಿ ಆಮೇಲೆ ಬಳಸಿಕೊಳ್ಳುತ್ತದೆ. ಗಾಯಕನ ಸ್ವರವು ಬೇರೊಂದು ತಂತಿಯಲ್ಲಿ ಬರುತ್ತದೆ. ಪ್ಲಗ್ಗಿನ ವಾಯರಿನಲ್ಲಿ ಸ್ವರವೇ ಇಲ್ಲ.

ಸ್ವಲ್ಪ ಲೆಕ್ಕವನ್ನೂ ನೋಡುವಾ. ಒಂದೂವರೆ ಚದರ ಮಿಲಿಮೀಟರಿನ ಸಾಧಾರಣ ತಾಮ್ರದ ವಾಯರು 2 ಮೀಟರು ಉದ್ದವಿದ್ದರೆ, ಹೋಗುವ ಬರುವ ಎರಡೂ ಎಳೆಗಳು ಕೂಡಿ ಅದರ ಪ್ರತಿರೋಧವು ಓಮಿನ ಇಪ್ಪತ್ತನೆಯ ಒಂದು ಪಾಲಿಗೂ ತುಸು ಕಡಿಮೆ. ಯಂತ್ರವು 230 ವ್ಯಾಟು ಎಳೆದರೂ ಹರಿಯುವುದು ಸುಮಾರು 1 ಆಂಪಿಯರು. ಅಂದಮೇಲೆ 230 ವೋಲ್ಟಿನಲ್ಲಿ ದಾರಿಯಲ್ಲಿ ಕಳೆಯುವುದು ವೋಲ್ಟಿನ ಇಪ್ಪತ್ತನೆಯ ಒಂದು ಪಾಲು ಮಾತ್ರ. ಹೊಲದ ಪಂಪುಗಳೆಲ್ಲ ಒಮ್ಮೆಗೇ ನಡೆದಾಗ ಹಳ್ಳಿಯ ಮನೆಗಳಲ್ಲಿ ವೋಲ್ಟೇಜು 200ಕ್ಕಿಂತ ಕೆಳಗೆ ಇಳಿಯುವುದುಂಟು. ಅದಕ್ಕೆ ಸ್ಟೆಬಿಲೈಜರು ಇದೆ. ಬೆಳ್ಳಿಯ ತಂತಿಯಿಂದ ಆಗತಕ್ಕದ್ದೇನೂ ಇಲ್ಲ.

ಹಾಗಾದರೆ ಕೊಂಡವರು "ನಾದ ನಿರ್ಮಲವಾಯಿತು" ಎನ್ನುವುದು ಸುಳ್ಳೇ? ಸುಳ್ಳೆನ್ನಲಾರೆನು. ಬೆಲೆಯನ್ನೂ ಹೆಣಿಗೆಯನ್ನೂ ಕಣ್ಣು ಮೊದಲು ಕಾಣುತ್ತದೆ. ಕಿವಿ ಅದರ ಹಿಂದೆ ಹೋಗುತ್ತದೆ. ಕಿನ್ನಾಳದ ಗೊಂಬೆಗೆ ಬಣ್ಣಕ್ಕಾಗಿ ಹೆಚ್ಚು ಬೆಲೆ ಕೊಡುವುದು ನ್ಯಾಯ, ಅಲ್ಲಿ ಬಣ್ಣವೇ ವಸ್ತು. ಯಂತ್ರದ ಬೆನ್ನ ಹಿಂದೆ ಬಿದ್ದಿರುವ ವಾಯರಿನ ಬಣ್ಣವನ್ನು ನೋಡುವವರಾರು? 2004ರಲ್ಲಿ ಅಮೆರಿಕದ ನಾದಾಸಕ್ತರ ಸಂಘವೊಂದು, ಸುಮಾರು 2,500 ಡಾಲರು ಬೆಲೆಯ ತಂತಿಯನ್ನೂ ಸಾಮಾನ್ಯ ತಂತಿಯನ್ನೂ ಮರೆಯಲ್ಲಿಟ್ಟು ಬದಲಿಸುತ್ತ ಕೇಳಿಸಿತು. ಒಟ್ಟು 149 ಉತ್ತರಗಳಲ್ಲಿ ಸರಿಯಾದವು 73. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. ಇವರು ತಂತಿಯ ವೈರಿಗಳಲ್ಲ, ಭೇದ ಕೇಳಬಂದೀತೆಂದು ಆಶಿಸಿ ಕುಳಿತಿದ್ದವರೆಂಬುದನ್ನು ಗಮನಿಸಬೇಕು.

ಪ್ರಸಂಗವಶಾತ್ ಒಂದು ಮಾತು. ಮಲ್ಲಿಕಾರ್ಜುನ ಮನಸೂರರ ಹಳೆಯ ಮುದ್ರಿಕೆಗಳು ನಿಮಿಷಕ್ಕೆ 78 ಸುತ್ತಿನ ತಟ್ಟೆಗಳಲ್ಲಿ ಬಂದವು. ಅವುಗಳಲ್ಲಿ ಸರಸರ ಸದ್ದೇನು ಕಡಿಮೆಯೇ! ಆದರೂ ಅವನ್ನು ಕೇಳುತ್ತ ಊಟ ಮರೆತವರನ್ನು ನಾನು ಬಲ್ಲೆನು.

ಚಿರಂಜೀವಿಗೆ ಸಂಗೀತದ ಮೇಲೆ ಇಷ್ಟು ಪ್ರೀತಿಯಿರುವುದು ಸಂತೋಷದ ವಿಷಯ. ತಂದೆಯವರು ಅದನ್ನು ಚೈನಿಯೆಂದು ಜರೆಯಬಾರದು. ಖರ್ಚು ಮಾಡಲೇಬೇಕೆಂದಿದ್ದರೆ ಸ್ಪೀಕರಿಗೆ ಮಾಡಲಿ, ಬೋಳು ಗೋಡೆಗೆ ದಪ್ಪನೆಯ ಪರದೆ ಹಾಕಿಸಲಿ. ಇವುಗಳಿಂದಾಗುವ ಭೇದವು ಮಕ್ಕಳಿಗೂ ಕೇಳುತ್ತದೆ. ಗುಂಯ್‌ಗುಟ್ಟುವ ಸದ್ದಿದ್ದರೆ ಸ್ವರದ ತಂತಿಯನ್ನು ಕರೆಂಟಿನ ವಾಯರಿನಿಂದ ಅರ್ಧ ಮೊಳ ದೂರವಿಡಬೇಕು, ಸಡಿಲಾದ ಸಾಕೆಟ್ಟನ್ನು ಬದಲಿಸಬೇಕು. ಐ.ಎಸ್.ಐ. ಗುರುತಿನ, ಸಾಕಷ್ಟು ದಪ್ಪದ ಮೂರೆಳೆಯ ವಾಯರು ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಪತ್ರದ ಕೊನೆಯಲ್ಲಿ ಒಂದು ಸಾಲನ್ನು ಅವರು ಲಘುವಾಗಿ ಬರೆದಿದ್ದಾರೆ, ನನಗೆ ಅದೇ ಗುರುವಾಗಿ ತೋರಿತು: ಮನೆಯ ಸಾಕೆಟ್ಟುಗಳಿಗೆ ಎರಡೇ ತೂತು, ಆದ್ದರಿಂದ ಯಂತ್ರದ ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿದು ಹಾಕಿದೆಯಂತೆ. ಆ ಕಡ್ಡಿಯು ಭೂಮಿಯ ಸಂಬಂಧದ್ದು. ಒಳಗಿನ ತಂತಿ ಸವೆದು ಲೋಹದ ಕವಚಕ್ಕೆ ತಗುಲಿದರೆ ಕರೆಂಟು ಅದರ ಮೂಲಕ ನೆಲಕ್ಕಿಳಿದು ಫ್ಯೂಜು ಹಾರಬೇಕು. ಕಡ್ಡಿಯಿಲ್ಲದಿದ್ದರೆ, ಮುಟ್ಟಿದವರ ಮೈಯೇ ಅದಕ್ಕೆ ದಾರಿ. ಮೊಮ್ಮಕ್ಕಳಿರುವ ಮನೆ. ಇಂದೇ ಯಂತ್ರವನ್ನು ಬಿಚ್ಚಿಡಿರಿ. ಪರವಾನಗಿಯುಳ್ಳ ಎಲೆಕ್ಟ್ರಿಶಿಯನ್ನರನ್ನು ಕರೆಸಿ ಅರ್ಥಿಂಗು ಮಾಡಿಸಿರಿ, ಸೋರಿಕೆಯಾದೊಡನೆ ಕರೆಂಟು ಕಡಿಯುವ ಸ್ವಿಚ್ಚನ್ನೂ ಕೂಡಿಸಿರಿ.

ಅದು ಮುಗಿದ ಮೇಲೆಯೂ ಮಗನ ಮನಸ್ಸು ಒಪ್ಪದಿದ್ದರೆ ಅನ್ವಯ-ವ್ಯತಿರೇಕದಿಂದ ಪರೀಕ್ಷಿಸಬಹುದು. ಅಂಗಡಿಯವರು ತಂತಿಯನ್ನು ಎಂಟು ದಿನ ನೋಡಲು ಕೊಡುವರೆಂದು ಬರೆದಿದ್ದೀರಿ. ಯಂತ್ರವನ್ನು ಪರದೆಯ ಹಿಂದಿಡಿರಿ. ಪ್ರತಿ ಸಲವೂ ಸ್ವಿಚ್ಚು ಆರಿಸಿ, ನೀವು ನಾಣ್ಯ ಚಿಮ್ಮಿ ಬಂದಂತೆ ಯಾವುದಾದರೊಂದು ವಾಯರನ್ನು ಸಿಕ್ಕಿಸಿರಿ. ಅದೇ ಹಾಡು, ಅದೇ ಎತ್ತರದ ಧ್ವನಿ. ಇಪ್ಪತ್ತು ಸಲ ಅವನು ಹೇಳಿದ್ದನ್ನು ಬರೆದಿಡಿರಿ. ಬರಿಯ ಊಹೆಯಿಂದ 15 ಅಥವಾ ಹೆಚ್ಚು ಸರಿಯಾಗುವುದು ನೂರರಲ್ಲಿ ಸುಮಾರು ಎರಡು ಬಾರಿ ಮಾತ್ರ. ಫಲ ಏನೇ ಬರಲಿ, ಮುಂದಿನ ಸಂಚಿಕೆಯೊಳಗೆ ನನಗೆ ತಿಳಿಸಿರಿ.